ಎಂಪಿಎಚ್ ಓದು, ವಿಕಾಸಸೌಧದ ದಾರಿ

ಹಾವೇರಿ ಕಡೆಯ ಒಂದು ಮದುವೆ. ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಕೂತಿದ್ದವಳು ಹಳೆಯ ಸಹೋದ್ಯೋಗಿಯ ಮಗಳು, ಬಿಡಿಎಸ್ ಮುಗಿಸಿ ಊರಲ್ಲೇ ಒಂದು ಕ್ಲಿನಿಕ್ಕಿಗೆ ಹೋಗುತ್ತಿದ್ದಳು. “ಕಾಕಾ, ಎಂಪಿಎಚ್ ಮಾಡಿದ್ರ ಸರ್ಕಾರದಾಗ ಪಾಲಿಸಿ ಮಾಡೋ ಕೆಲಸಕ್ಕ ಹೋಗಬಹುದೇನ್ರಿ?” ಎಂದು ಕೇಳಿದಳು. ಅಷ್ಟರಲ್ಲಿ ಹೋಳಿಗೆಗೆ ತುಪ್ಪ ಬಡಿಸುವವರು ಬಂದರು, ಉತ್ತರದಿಂದ ತಪ್ಪಿಸಿಕೊಂಡೆ. ಆಮೇಲೆ ಯೋಚಿಸಿದಾಗ, ಹೌದು ಎನ್ನುವವರೂ ಬೇಡ ಎನ್ನುವವರೂ ಈ ವಿಷಯ ಚೆನ್ನಾಗಿ ಬಲ್ಲವರೇ, ಇಬ್ಬರ ಮಾತಿನಲ್ಲೂ ತೂಕವಿದೆ ಅನ್ನಿಸಿತು.

ಎಂಪಿಎಚ್ ಎಂದರೆ ಸಾರ್ವಜನಿಕ ಆರೋಗ್ಯದಲ್ಲಿ ಸಾಮಾನ್ಯವಾಗಿ ಎರಡು ವರ್ಷಗಳ ಸ್ನಾತಕೋತ್ತರ ಪದವಿ. ರೋಗ ಯಾರಿಗೆ, ಎಲ್ಲಿ, ಯಾವಾಗ, ಏಕೆ ಬರುತ್ತದೆ ಎಂದು ಹುಡುಕುವ ಎಪಿಡೆಮಿಯಾಲಜಿ, ಅದಕ್ಕೆ ಬೇಕಾದ ಸಂಖ್ಯಾಶಾಸ್ತ್ರ, ಆರೋಗ್ಯದ ಅರ್ಥಶಾಸ್ತ್ರ, ಕಾರ್ಯಕ್ರಮ ನಿರ್ವಹಣೆ ಇದರ ಮುಖ್ಯ ಪಾಠಗಳು. ಕೋಲ್ಕತ್ತದಲ್ಲಿ ಸಾರ್ವಜನಿಕ ಆರೋಗ್ಯಕ್ಕೆಂದೇ ಅಖಿಲ ಭಾರತ ಸಂಸ್ಥೆ 1932ರಲ್ಲೇ ಹುಟ್ಟಿತ್ತು. ಆದರೆ ಈಗ ನಾವು ನೋಡುವ ಎಂಪಿಎಚ್ ಶುರುವಾದದ್ದು 1997ರಲ್ಲಿ, ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯ ಅಚ್ಯುತ ಮೆನನ್ ಕೇಂದ್ರದಿಂದ. ನಮ್ಮಲ್ಲಿ ನಿಮ್ಹಾನ್ಸ್, ಮಣಿಪಾಲ, ಮೈಸೂರಿನ ಜೆಎಸ್ಎಸ್, ಬೆಳಗಾವಿಯ ಕೆಎಲ್ಇಗಳಲ್ಲಿ ಈ ಓದಿದೆ. ವೈದ್ಯರೇ ಆಗಿರಬೇಕೆಂಬ ನಿಯಮ ಬಹಳಷ್ಟು ಕಡೆ ಇಲ್ಲದ್ದರಿಂದ ದಂತವೈದ್ಯರು, ನರ್ಸಿಂಗ್ ಮತ್ತು ಸಮಾಜಕಾರ್ಯ ಓದಿದವರು ಕೂಡ ಇತ್ತ ಬರುತ್ತಾರೆ.

ಈ ಓದಿನ ಪರ ಇರುವವರ ಬಲವಾದ ವಾದ ಉದ್ಯೋಗದ್ದಲ್ಲ, ದೃಷ್ಟಿಯದು. ಮಂಗನ ಕಾಯಿಲೆಯನ್ನೇ ನೋಡೋಣ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಹಿಂದೆಯೇ ಮನುಷ್ಯರಿಗೂ ಜ್ವರ ಬಂತು. ರೋಗಾಣು ಹೊತ್ತು ತರುವುದು ಉಣುಗು, ಕಾಡಿಗೆ ಹೋಗುವುದು ಸೌದೆಗೂ ದರಕಿಗೂ ಅಲೆಯುವ ಬಡವರು. ಸತ್ತ ಮಂಗ ಅರಣ್ಯ ಇಲಾಖೆಗೆ ಸೇರಿದ್ದು, ಅದರ ಮರಣೋತ್ತರ ಪರೀಕ್ಷೆ ಪಶುವೈದ್ಯರದು, ಜ್ವರದ ರೋಗಿ ಆರೋಗ್ಯ ಇಲಾಖೆಯವನು. ದಶಕಗಳ ಕಾಲ ಕೊಟ್ಟ ಲಸಿಕೆ ಸಾಲದೆಂದು ಕೊನೆಗೆ ನಿಲ್ಲಿಸಬೇಕಾಯಿತು. 2018-19ರಲ್ಲಿ ಸಾಗರ ತಾಲೂಕಿನ ಅರಲಗೋಡು ಭಾಗ ನರಳಿದಾಗ ಬೇಕಾಗಿದ್ದದ್ದು ಹಾಸಿಗೆಗಳಷ್ಟೇ ಅಲ್ಲ. ಮಂಗ ಸತ್ತ ಸುದ್ದಿ, ಜ್ವರದ ಪಟ್ಟಿ, ಊರಿನ ನಕ್ಷೆ, ಲಸಿಕೆಯ ಲೆಕ್ಕ ಎಲ್ಲವನ್ನೂ ಒಂದೇ ಮೇಜಿನ ಮೇಲೆ ಹರಡಿ ಓದಬಲ್ಲ ಕಣ್ಣು. ಆ ಕಣ್ಣು ತಾನಾಗಿ ಬರುವುದಿಲ್ಲ, ಕಲಿತು ಬರಬೇಕು ಎನ್ನುತ್ತಾರೆ ಇವರು. ಒಬ್ಬ ರೋಗಿಯನ್ನು ಚೆನ್ನಾಗಿ ನೋಡಬಲ್ಲ ವೈದ್ಯರಿಗೂ ಒಂದು ತಾಲೂಕನ್ನೇ ರೋಗಿಯಂತೆ ನೋಡಲು ಬೇರೆ ತರಬೇತಿ ಬೇಕು ಎಂಬುದನ್ನು ಅಲ್ಲಗಳೆಯುವುದು ಕಷ್ಟ.

ಪ್ರತಿವಾದಿಗಳೂ ಇದನ್ನು ಅಲ್ಲಗಳೆಯುವುದಿಲ್ಲ. ಅವರು ಕೇಳುವುದು, ಆ ಕಣ್ಣಿದ್ದವರಿಗೆ ಕುರ್ಚಿ ಎಲ್ಲಿದೆ ಎಂದು. ಇಲಾಖೆಯ ಪ್ರಧಾನ ಕಾರ್ಯದರ್ಶಿ, ಆಯುಕ್ತರು ಐಎಎಸ್‌ನವರು. ಜಿಲ್ಲಾ ಆರೋಗ್ಯಾಧಿಕಾರಿಯ ಸ್ಥಾನ ಸೇವೆಯಲ್ಲಿ ಬೆಳೆದು ಬಂದ ವೈದ್ಯರದು. ಎಂಪಿಎಚ್ ಮಾಡಿದ ವೈದ್ಯರೇತರರಿಗೆ ಸರ್ಕಾರದೊಳಗೆ ಸಿಗುವುದು ಹೆಚ್ಚಾಗಿ 2005ರಲ್ಲಿ ಶುರುವಾದ ಆರೋಗ್ಯ ಅಭಿಯಾನದ ಗುತ್ತಿಗೆ ಹುದ್ದೆಗಳು: ಕಾರ್ಯಕ್ರಮ ವ್ಯವಸ್ಥಾಪಕ, ಸಲಹೆಗಾರ, ಸಂಯೋಜಕ. ವರ್ಷವರ್ಷವೂ ನವೀಕರಣ. ಗುತ್ತಿಗೆಯಲ್ಲಿ ಬಂದವರು ಕಾಯಮಾತಿಯನ್ನು ಹಕ್ಕಾಗಿ ಕೇಳುವಂತಿಲ್ಲ ಎಂದು 2006ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಉಮಾದೇವಿ ಪ್ರಕರಣ ನಮ್ಮ ಕರ್ನಾಟಕದಿಂದಲೇ ಹೋದದ್ದು.

ವರದಿಗಾರನಾಗಿದ್ದಾಗ ಒಂದು ತಾಲೂಕಿನ ಮಾಸಿಕ ಪ್ರಗತಿ ಪರಿಶೀಲನಾ ಸಭೆಯಲ್ಲಿ ಕೂತಿದ್ದೆ. ಗೋಡೆಗೆ ಡೆಂಗಿಯ ನಕ್ಷೆ, ಮೇಜಿನ ಮೇಲೆ ಚಹಾದ ಲೋಟಗಳ ಉಂಗುರದ ಗುರುತು. ಗುತ್ತಿಗೆಯ ಹುಡುಗನೊಬ್ಬ ಲ್ಯಾಪ್‌ಟಾಪ್ ತೆರೆದು, ಎರಡು ಉಪಕೇಂದ್ರಗಳಲ್ಲಿ ಮಾತ್ರ ಪ್ರಕರಣಗಳು ಮೂರು ವಾರ ಮೊದಲೇ ಏರತೊಡಗಿದ್ದನ್ನು ತೋರಿಸಿದ. ಆ ಎರಡೂ ಊರುಗಳಿಗೆ ನಳದ ನೀರು ವಾರಕ್ಕೊಮ್ಮೆ ಬರುತ್ತದೆ, ಜನ ಡ್ರಮ್ಮುಗಳಲ್ಲಿ ತುಂಬಿಡುತ್ತಾರೆ ಎಂದ. ಚಂದದ ಕೆಲಸ. ಅಧ್ಯಕ್ಷತೆ ವಹಿಸಿದ್ದವರು ತಲೆದೂಗಿ, “ನೀರಿನ ವಿಷಯ ನಮ್ಮದಲ್ಲ, ಪಂಚಾಯ್ತಿಗೆ ಪತ್ರ ಬರೀರಿ” ಎಂದು ಮುಂದಿನ ವಿಷಯಕ್ಕೆ ಹೋದರು. ಪತ್ರ ಹೋಗಿರಬಹುದು. ಮುಂದಿನ ವರ್ಷ ಹೋದಾಗ ಹುಡುಗ ಅಲ್ಲಿರಲಿಲ್ಲ, ಬೆಂಗಳೂರಿನ ಖಾಸಗಿ ಕಂಪನಿಯೊಂದಕ್ಕೆ ಸೇರಿದ್ದ.

ಇದನ್ನು ಕೇಳಿದರೆ ಓದಿನ ಪರವಾದಿಗಳು, ತಪ್ಪು ಓದಿನದಲ್ಲ, ವ್ಯವಸ್ಥೆಯದು, ವ್ಯವಸ್ಥೆ ಬದಲಾಗಬಲ್ಲದು ಎನ್ನುತ್ತಾರೆ. ಪಕ್ಕದ ತಮಿಳುನಾಡಿನ ಸಾಕ್ಷ್ಯ ಅವರ ಕೈಯಲ್ಲಿದೆ. ಅಲ್ಲಿ ಸಾರ್ವಜನಿಕ ಆರೋಗ್ಯಕ್ಕೆ ಪ್ರತ್ಯೇಕ ನಿರ್ದೇಶನಾಲಯವಿದೆ, ಬೆನ್ನಿಗೆ 1939ರ ಮದ್ರಾಸ್ ಸಾರ್ವಜನಿಕ ಆರೋಗ್ಯ ಕಾಯ್ದೆಯ ಬಲವಿದೆ, ಆ ಶಾಖೆಯಲ್ಲೇ ಬಡ್ತಿ ಪಡೆಯುತ್ತ ಮೇಲೇರುವ ಅಧಿಕಾರಿಗಳಿದ್ದಾರೆ. ಕರ್ನಾಟಕದಲ್ಲೂ ಡಾ. ಎಚ್. ಸುದರ್ಶನ್ ಅಧ್ಯಕ್ಷತೆಯ ಕಾರ್ಯಪಡೆ 2001ರ ವರದಿಯಲ್ಲಿ ಇಂಥ ಸಾರ್ವಜನಿಕ ಆರೋಗ್ಯ ವೃಂದವನ್ನು ಬಯಸಿತ್ತು. 2017ರ ರಾಷ್ಟ್ರೀಯ ಆರೋಗ್ಯ ನೀತಿ ಎಲ್ಲ ರಾಜ್ಯಗಳಿಗೂ ಅದನ್ನೇ ಸೂಚಿಸಿತು, 2022ರಲ್ಲಿ ಕೇಂದ್ರ ಮಾರ್ಗಸೂಚಿ ಕೊಟ್ಟಿತು. ಬಾಗಿಲು ತೆರೆದಾಗ ಪದವಿ ಕೈಯಲ್ಲಿದ್ದವರೇ ಮೊದಲು ಒಳಹೋಗುವರು ಎಂಬ ಲೆಕ್ಕಾಚಾರ ತೀರ ಗಾಳಿಗೋಪುರವಲ್ಲ.

ಆದರೆ 2001ರಿಂದ ಇಂದಿನವರೆಗಿನ ಅವಧಿ ಒಬ್ಬರ ಅರ್ಧ ವೃತ್ತಿಜೀವನದಷ್ಟು ಉದ್ದ ಎಂಬುದನ್ನೂ ಮರೆಯಬಾರದು. ಆರೋಗ್ಯ ಸಂವಿಧಾನದ ಪ್ರಕಾರ ರಾಜ್ಯಪಟ್ಟಿಯ ವಿಷಯ, ದೆಹಲಿಯ ಮಾರ್ಗಸೂಚಿ ಇಲ್ಲಿ ಸಲಹೆಯಷ್ಟೇ. ತಮಿಳುನಾಡಿನಲ್ಲಿ ಕೂಡ ಆ ಏಣಿ ಮುಖ್ಯವಾಗಿ ವೈದ್ಯರದು. ದಂತವೈದ್ಯೆಗೆ ಅದರಿಂದ ಸಿಗುವ ಆಸರೆ ಎಷ್ಟು?

ಇನ್ನೂ ಒಂದು ತೊಡಕಿದೆ, ಇದು ಎರಡೂ ಕಡೆಗೆ ಎಳೆಯುತ್ತದೆ. ಆರೋಗ್ಯದ ದೊಡ್ಡ ತೀರ್ಮಾನಗಳು ಆರೋಗ್ಯ ಇಲಾಖೆಯಲ್ಲೇ ಆಗುತ್ತವೆಂದಿಲ್ಲ. 2003ರಲ್ಲಿ ಯಶಸ್ವಿನಿ ಆರೋಗ್ಯ ಯೋಜನೆ ಜಾರಿಗೆ ಬಂದದ್ದು ಸಹಕಾರ ಕ್ಷೇತ್ರದಲ್ಲಿ. ಶಾಲೆಯ ಬಿಸಿಯೂಟಕ್ಕೆ ಮೊಟ್ಟೆ ಕೊಡುವ ವಿಷಯ ಶಿಕ್ಷಣ ಇಲಾಖೆಯದು. 2021ರ ಕೊನೆಗೆ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಅದು ಆರಂಭವಾದಾಗ ಅಪೌಷ್ಟಿಕತೆಯ ಅಂಕಿಗಳ ಎದುರು ಮಠಾಧೀಶರ ಆಕ್ಷೇಪವೂ ನಿಂತಿತ್ತು. ಇದನ್ನು ತೋರಿಸಿ ಪ್ರತಿವಾದಿಗಳು, ನೀತಿಗೇ ಹೋಗಬೇಕೆಂದಿದ್ದರೆ ಕಾನೂನೋ ಅರ್ಥಶಾಸ್ತ್ರವೋ ಓದು, ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ 2014ರಿಂದ ಸಾರ್ವಜನಿಕ ನೀತಿಯ ಪದವಿಯೇ ಇದೆ, ಇಲ್ಲವಾದರೆ ನೇರವಾಗಿ ಯುಪಿಎಸ್‌ಸಿ, ಕೆಎಎಸ್ ಬರೆ ಎನ್ನುತ್ತಾರೆ. ಯುಪಿಎಸ್‌ಸಿಗೆ ಸಾಮಾನ್ಯ ವರ್ಗದವರಿಗೆ 32ರ ವಯೋಮಿತಿ. ಎಂಪಿಎಚ್‌ನ ಎರಡು ವರ್ಷ ಅದರಲ್ಲೇ ಕಳೆಯುತ್ತದೆ. ಪರವಾದಿಗಳು ಇದೇ ಉದಾಹರಣೆಯನ್ನು ತಿರುಗಿಸಿ ಹಿಡಿಯುತ್ತಾರೆ: ಮೊಟ್ಟೆಯ ಪರ ಗಟ್ಟಿಯಾಗಿ ಮಾತಾಡಲು ಸಾಧ್ಯವಾದದ್ದು ಯಾರೋ ಮಕ್ಕಳ ಎತ್ತರ, ತೂಕ, ರಕ್ತಹೀನತೆಗಳನ್ನು ಸರಿಯಾಗಿ ಅಳೆದಿಟ್ಟಿದ್ದರಿಂದ. ತೀರ್ಮಾನಕ್ಕೆ ಸಹಿ ಹಾಕುವವರು ಬೇರೆ, ಅದಕ್ಕೆ ನೆಲೆ ಒದಗಿಸುವವರು ಬೇರೆ. ಎರಡನೆಯದೂ ನೀತಿಯ ಕೆಲಸವೇ. ಈ ಮಾತನ್ನು ನಾನು ಒಪ್ಪುತ್ತೇನೆ. ಆದರೆ ಮನೆ ಸಾಲದ ಕಂತು ಕಟ್ಟುವ ಕುಟುಂಬಕ್ಕೆ ಈ ಸಮಾಧಾನ ಸಾಲದು ಎಂಬುದೂ ನಿಜ.

ಎರಡೂ ಕಡೆಯವರು ಅಷ್ಟಾಗಿ ಮಾತಾಡದ ಒಂದು ಸಂಗತಿ ನನಗೆ ಮುಖ್ಯವೆನಿಸುತ್ತದೆ. ಎಂಪಿಎಚ್ ಪಾಠ ನಡೆಯುವುದು ಇಂಗ್ಲಿಷಿನಲ್ಲಿ. ನಮ್ಮ ಸರ್ಕಾರ ಬಹುಪಾಲು ನಡೆಯುವುದು ಕನ್ನಡದ ಕಡತದಲ್ಲಿ. ರೋಗದ ಏರಿಳಿತದ ಗೆರೆ ಎಷ್ಟೇ ಸ್ಪಷ್ಟವಾಗಿರಲಿ, ಅದು ಟಿಪ್ಪಣಿ ಹಾಳೆಗೆ ಇಳಿದು, ಲೆಕ್ಕಶೀರ್ಷಿಕೆ ಹಿಡಿದು, ಆರ್ಥಿಕ ಇಲಾಖೆಯ ಸಹಮತಿ ಪಡೆದು ಆದೇಶವಾಗಿ ಹೊರಬರಬೇಕು. ಆ ತಾಲೂಕಿನ ಹುಡುಗನಿಗೆ ಕಾಣುವುದು ಕಾಣುತ್ತಿತ್ತು. ಕುಡಿಯುವ ನೀರಿನ ಅನುದಾನ ಪಂಚಾಯ್ತಿಯಲ್ಲಿ ಯಾವ ಲೆಕ್ಕದಲ್ಲಿ ಬರುತ್ತದೆ, ಕ್ರಿಯಾಯೋಜನೆಯ ಸಭೆ ಯಾವ ತಿಂಗಳು ಕೂರುತ್ತದೆ ಎಂಬುದು ತಿಳಿದಿದ್ದರೆ ಅವನ ಮಾತು ಇನ್ನೂ ಸ್ವಲ್ಪ ದೂರ ಹೋಗುತ್ತಿತ್ತೇನೋ. ಖಚಿತವಾಗಿ ಹೇಳಲಾರೆ.

ಹಾಗಾಗಿ, ಒಂದು ಕಡೆಗೆ ವಾಲಲೇಬೇಕೆಂದರೆ, ನಾನು ಓದನ್ನು ಬಿಡು ಎನ್ನುವುದಿಲ್ಲ, ಮೊದಲ ಪದವಿ ಮುಗಿದ ಕೂಡಲೇ ಅದಕ್ಕೆ ಓಡು ಎನ್ನುವುದೂ ಇಲ್ಲ. ಎರಡು ಮೂರು ವರ್ಷ ಜಿಲ್ಲೆಯಲ್ಲೋ ತಾಲೂಕಿನಲ್ಲೋ, ಗುತ್ತಿಗೆಯಾದರೂ ಸರಿ, ದುಡಿದು, ಕಡತ ಓಡಾಡುವ ಬಗೆ ನೋಡಿ, ಆಮೇಲೆ ಯಾವ ಪ್ರಶ್ನೆ ತನ್ನನ್ನು ಕಾಡುತ್ತಿದೆ ಎಂಬುದು ತಿಳಿದ ಮೇಲೆ ಎಂಪಿಎಚ್‌ಗೆ ಹೋಗುವುದು ಹೆಚ್ಚು ಕ್ಷೇಮ ಎಂದು ತೋರುತ್ತದೆ. ಇದು ಹೊಸ ವಿಚಾರವೇನಲ್ಲ. ಮೈಸೂರು ಸಂಸ್ಥಾನ 1930ರ ದಶಕದಲ್ಲಿ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಕ್ಲೋಸ್‌ಪೇಟೆಯಲ್ಲಿ, ಅಂದರೆ ಇಂದಿನ ರಾಮನಗರದಲ್ಲಿ, ಆರೋಗ್ಯ ಘಟಕ ಕಟ್ಟಿ, ಸಿಬ್ಬಂದಿಗೆ ಸುತ್ತಲಿನ ಹಳ್ಳಿಗಳ ನಡುವೆಯೇ ತರಬೇತಿ ಕೊಡಿಸಿತ್ತು. ಸರ್ಕಾರದ ಪಾಲೂ ಇದರಲ್ಲಿದೆ: ವೃಂದದ ಹುದ್ದೆಗಳಲ್ಲಿ ಒಂದಿಷ್ಟನ್ನಾದರೂ ವೈದ್ಯರೇತರರಿಗೆ ತೆರೆಯದಿದ್ದರೆ ಈ ಸಲಹೆ ಅರ್ಧಂಬರ್ಧ.

ಮೊನ್ನೆ ಅವಳಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡಳು. ಎಂಪಿಎಚ್ ಅರ್ಜಿ ಹಾಕಿ ಆಗಿದೆಯಂತೆ, ಜಿಲ್ಲೆಯ ಗುತ್ತಿಗೆ ಹುದ್ದೆಯೊಂದಕ್ಕೂ ದಾಖಲೆ ಕೊಟ್ಟು ಬಂದಿದ್ದಾಳಂತೆ. “ಯಾವುದು ಮೊದಲ ಬರ್ತದ ನೋಡೂಣು ಕಾಕಾ” ಎಂದಳು.