ಅಡುಗೆಮನೆಯ ಗಣಕಯಂತ್ರ

ಭೋಗವಸ್ತುಗಳೆಲ್ಲವನ್ನೂ ಖಂಡಿಸುವವರ ಪಂಕ್ತಿಗೆ ನಾನು ಸೇರಿದವನಲ್ಲ. ಆದರೆ ಪಾಕಕರ್ಮದ ಶ್ರಮವನ್ನರಿಯದವರು ಗೃಹಿಣಿಯ ಹೆಸರಿನಲ್ಲಿ ನಿರ್ಮಿಸುವ ವೈಭವೋಪೇತ ಯಂತ್ರಗಳ ವಿಷಯದಲ್ಲಿ ಮೌನವಾಗಿರುವುದು ಉಚಿತವೆಂದು ನನಗೆ ತೋರುವುದಿಲ್ಲ. 1969ರಲ್ಲಿ ಅಮೆರಿಕದ ನೀಮನ್ ಮಾರ್ಕಸ್ ಎಂಬ ಪ್ರಸಿದ್ಧ ಮಳಿಗೆಯು ಹನಿವೆಲ್ ಸಂಸ್ಥೆಯ ‘ಕಿಚನ್ ಕಂಪ್ಯೂಟರ್’ ಎಂಬುದನ್ನು 10,600 ಡಾಲರುಗಳ ಬೆಲೆಗೆ ತನ್ನ ಮಾರಾಟಪಟ್ಟಿಯಲ್ಲಿ ಪ್ರಕಟಿಸಿತು. ಪಾಕವಿಧಾನಗಳನ್ನು ಕಾಪಿಟ್ಟು ಭೋಜನದ ಯೋಜನೆಗೆ ನೆರವಾಗಬೇಕಾಗಿದ್ದ ಆ ಯಂತ್ರಕ್ಕೆ ತರಕಾರಿ ಹೆಚ್ಚುವ ಮಣೆಯೊಂದನ್ನೂ ಜೋಡಿಸಿದ್ದರು. ಆದರೆ ಅಕ್ಷರಗಳ ಕೀಲಿಮಣೆಯಾಗಲಿ ಓದಬಲ್ಲ ತೆರೆಯಾಗಲಿ ಇಲ್ಲದೆ, ಸಾಲುಗುಂಡಿಗಳನ್ನೊತ್ತಿ ದ್ವಿಮಾನ ಸಂಕೇತಗಳನ್ನು ಊಡಿಸಿ, ಬೆಳಗಿ ಆರುವ ದೀಪಗಳಿಂದಲೇ ಉತ್ತರವನ್ನು ಗ್ರಹಿಸಬೇಕಾಗಿದ್ದುದರಿಂದ, ಎರಡು ವಾರಗಳ ಶಿಕ್ಷಣವನ್ನೂ ಬೆಲೆಯೊಳಗೇ ಸೇರಿಸಬೇಕಾಯಿತು. ಒಂದಾದರೂ ಮಾರಾಟವಾದುದಕ್ಕೆ ದಾಖಲೆಯಿಲ್ಲ.

ನನ್ನನ್ನು ನೋಯಿಸುವುದು ಆ ಬೆಲೆಯಲ್ಲ. ಯಂತ್ರವು ಗಣಿಸುವಷ್ಟು ಚೆನ್ನಾಗಿ ಗೃಹಿಣಿ ಅಡುಗೆ ಮಾಡಬಲ್ಲಳೇ ಎಂಬ ಧಾಟಿಯ ಜಾಹೀರಾತು. ಉಪ್ಪು ಹುಳಿಗಳ ಹದವನ್ನೂ ಉರಿಯ ಏರಿಳಿತವನ್ನೂ, ಜ್ವರದಿಂದೆದ್ದ ಮಗುವಿನ ನಾಲಗೆಗೆ ಇಂದು ಏನು ಒಗ್ಗೀತೆಂಬುದನ್ನೂ ಕ್ಷಣಕ್ಷಣಕ್ಕೆ ಎಣಿಸುತ್ತಲೇ ಇರುವ ಆ ಮನಸ್ಸಿಗೆ ಗಣನೆಯನ್ನು ಹೊಸದಾಗಿ ಕಲಿಸಹೊರಟುದು ಘೋರವಾದ ಅವಜ್ಞೆಯೆಂದೇ ನಾನು ಭಾವಿಸುತ್ತೇನೆ.

ಸುಮಾರು ಅರ್ಧ ಶತಮಾನ ಸಂದಮೇಲೂ ಈ ದೃಷ್ಟಿ ತಿದ್ದಿಕೊಳ್ಳಲಿಲ್ಲ. 2016ರಲ್ಲಿ 699 ಡಾಲರುಗಳಿಗೆ ಮಾರುಕಟ್ಟೆಗೆ ಬಂದ ಜ್ಯೂಸೆರೊ ಎಂಬ ರಸಯಂತ್ರವು ಅಂತರ್ಜಾಲದ ಸಂಪರ್ಕವಿಲ್ಲದೆ ಕೆಲಸಮಾಡುತ್ತಿರಲಿಲ್ಲ; ಅದಕ್ಕೆಂದೇ ಮಾರುತ್ತಿದ್ದ ಹಣ್ಣುತರಕಾರಿಯ ಚೀಲಗಳನ್ನು ಬರಿಗೈಯಿಂದ ಹಿಂಡಿದರೂ ಬಹುಪಾಲು ರಸ ಬರುತ್ತದೆಂದು ಮರುವರ್ಷ ಪತ್ರಕರ್ತರು ತೋರಿಸಿಕೊಟ್ಟರು, ಮತ್ತು ಆ ವರ್ಷವೇ ಸಂಸ್ಥೆ ಮುಚ್ಚಿತು.