ಏಳನೆಯದನ್ನು ಮರೆತ ರಾತ್ರಿ

ಮದರಾಸಿನ ಎಗ್ಮೋರ್ ಸ್ಟೇಷನ್ನಿನ ಗುಮ್ಮಟ ಕಾಣುವ ಬಾಡಿಗೆ ಕೋಣೆಯಲ್ಲಿ ಕೂತು ಜಾವಾ ಪ್ರಾಜೆಕ್ಟೊಂದರ ಬಿಲ್ಡ್ ಕಡತ ನೋಡಿಕೊಳ್ಳುತ್ತಿದ್ದೆ. ಏಳು ಮಾಡ್ಯೂಲ್, ಏಳಕ್ಕೂ ಅದೇ ಪಾಠ: ಕಂಪೈಲ್ ಮಾಡು, ಪರೀಕ್ಷಿಸು, ಜಾರ್ ಕಟ್ಟು, ಸರ್ವರಿಗೆ ಕಳಿಸು. ಒಂದು ರಾತ್ರಿ ಫೋಲ್ಡರಿನ ಹೆಸರು ಬದಲಾಯಿತು. ಆರು ಕಡೆ ತಿದ್ದಿದೆ, ಏಳನೆಯದನ್ನು ಮರೆತೆ. ತೆಂಕಣ ರೈಲುಗಳು ಬಂದು ನಿಲ್ಲುವ ಹೊತ್ತಿಗೆ ಫೋನು ಬಡಿದುಕೊಂಡಿತು.

ತಪ್ಪು ನನ್ನದೇ. ನಾನು ಬಳಸುತ್ತಿದ್ದ ಬಿಲ್ಡ್ ಸಾಧನ ಆ್ಯಂಟ್ 2003ರಲ್ಲೇ, 1.6ನೇ ಆವೃತ್ತಿಯಲ್ಲಿ, ಮ್ಯಾಕ್ರೋಡೆಫ್ ಕೊಟ್ಟಿತ್ತು. ಹಂತಗಳ ಸಾಲಿಗೆ ಒಂದು ಹೆಸರಿಡಿ; ಬದಲಾಗುವುದನ್ನಷ್ಟೇ ಕರೆಯುವಾಗ ಹೇಳಿ. ಅಮ್ಮ ದಾವಣಗೆರೆಯಿಂದ ಕಳಿಸುವ ಸಾರಿನ ಪುಡಿಯೂ ಹೀಗೇ: ಹುರಿದು ಕುಟ್ಟುವುದು ಒಮ್ಮೆ, ಆಮೇಲೆ ಬೇಳೆಯೋ ಹುರುಳಿಯೋ ನಿಮ್ಮಿಷ್ಟ.

ಆದರೆ ಬಿಲ್ಡ್ ಕಡತದೊಳಗೇ ಸ್ಕ್ರಿಪ್ಟ್ ತುರುಕುವುದು ನನಗೆ ಒಪ್ಪಿಗೆಯಿಲ್ಲ. ಗೆಳೆಯನೊಬ್ಬ ನಲವತ್ತು ಸಾಲು ಜಾವಾಸ್ಕ್ರಿಪ್ಟ್ ಬರೆದಿಟ್ಟಿದ್ದ. 2020ರಲ್ಲಿ ಜಾವಾ 15 ನ್ಯಾಶಾರ್ನ್ ಎಂಬ ಜಾವಾಸ್ಕ್ರಿಪ್ಟ್ ಎಂಜಿನ್ನನ್ನೇ ಕಿತ್ತುಹಾಕಿತು. ಹೊಸ ಜಾವಾಕ್ಕೆ ಹಾರಿದ ದಿನ ಅವನ ಸಾಲುಗಳು ಮೂಕವಾದವು. ಅವನ್ನು ಜಾವಾ ಕ್ಲಾಸಾಗಿ ಬರೆದು ಆ್ಯಂಟಿನ ಟಾಸ್ಕ್‌ಡೆಫ್‌ನಿಂದ ಜೋಡಿಸಿದೆವು. ಅದಕ್ಕಾದರೆ ಪರೀಕ್ಷೆಯನ್ನೂ ಬರೆಯಬಹುದು.