ಸೈಕಲ್ಲು ಈಜುತ್ತೇನೋ?

ಹೋದ ವರ್ಷ ಗೋವಾದಲ್ಲಿ ನನ್ನ 2 ಲಕ್ಷದ 20 ಸಾವಿರದ ಸೈಕಲ್ಲು ಇಡೀ ದಿನ ಸ್ಟ್ಯಾಂಡ್‌ನಲ್ಲೇ ನಿಂತಿತ್ತು. ಅದನ್ನ ಹತ್ತೋ ಅವಕಾಶವೇ ನನಗೆ ಸಿಗಲಿಲ್ಲ.

ಐರನ್‌ಮ್ಯಾನ್ 70.3 ಅಂದ್ರೆ 1.9 ಕಿ.ಮೀ. ಈಜು, 90 ಕಿ.ಮೀ. ಸೈಕಲ್, ಆಮೇಲೆ 21.1 ಕಿ.ಮೀ. ಓಟ. ಒಟ್ಟು 70.3 ಮೈಲಿ, ಅದಕ್ಕೇ ಆ ಹೆಸರು. ಸಮುದ್ರದಿಂದ 1 ಗಂಟೆ 10 ನಿಮಿಷದೊಳಗೆ ಎದ್ದು ಬರಬೇಕು. ನಾನು ಬಂದಿದ್ದು 1 ಗಂಟೆ 13 ನಿಮಿಷಕ್ಕೆ. ಆಟ ಅಲ್ಲಿಗೇ ಮುಗೀತು.

ಇದರಿಂದ ನಾನು ಪಾಠ ಕಲಿತೆ ಅಂದ್ಕೊಂಡ್ರಾ? ಇಲ್ಲ. ಏಪ್ರಿಲ್‌ನಲ್ಲಿ ಬೋನಸ್ ಬಂದ ಮೊದಲ ಶನಿವಾರವೇ ಇಂದಿರಾನಗರದ 100 ಅಡಿ ರಸ್ತೆಯ ಅಂಗಡಿಯೊಂದರಲ್ಲಿ ಕಾರ್ಬನ್ ಚಕ್ರ ನೋಡ್ತಾ ನಿಂತಿದ್ದೆ. ಬೆಲೆ 1 ಲಕ್ಷದ 30 ಸಾವಿರ. 90 ಕಿ.ಮೀ.ಗೆ ಮೂರ್ನಾಲ್ಕು ನಿಮಿಷ ಉಳಿಯುತ್ತೆ ಅಂದ್ರು ಅಂಗಡಿಯವರು. ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಅವರು ಅವರೆಕಾಳು ಬಿಡಿಸ್ತಾ ತಲೆಯೆತ್ತದೇ ಕೇಳಿದ್ರು: “ನೀನು ಸೋತಿದ್ದು ನೀರಲ್ಲಲ್ವೇನೋ? ಸೈಕಲ್ಲು ಈಜುತ್ತೇನೋ?”

ಆಫೀಸಲ್ಲಿ ಆ್ಯಪ್ ನಿಧಾನ ಆದ್ರೆ ನಾನು ಸೀದಾ ದೊಡ್ಡ ಸರ್ವರ್ ತರಿಸಲ್ಲ. ಎಲ್ಲಿ ಸಿಕ್ಕಿಹಾಕ್ಕೊಂಡಿದೆ ಅಂತ ಮೊದಲು ಹುಡುಕ್ತೀನಿ. ನನ್ನ ಮೈ ವಿಷಯದಲ್ಲಿ ಮಾತ್ರ ಆ ಬುದ್ಧಿ ಇರಲಿಲ್ಲ. ಕಾರಣ ಈಗ ಗೊತ್ತಾಗಿದೆ. ಚಕ್ರ ಕೊಳ್ಳೋಕೆ ಕಾರ್ಡ್ ಸಾಕು. ಈಜು ಕಲಿಯೋಕೆ ಮೂವತ್ತನೇ ವಯಸ್ಸಲ್ಲಿ ಚಡ್ಡಿ ಹಾಕ್ಕೊಂಡು, ಪಕ್ಕದ ಲೇನ್‌ನಲ್ಲಿ ನನ್ನನ್ನ ಹಿಂದೆ ಹಾಕಿ ಹೋಗೋ ಎಂಟು ವರ್ಷದ ಹುಡುಗಿಯ ಮುಂದೆ “ನಂಗೆ ಬರಲ್ಲ” ಅಂತ ಒಪ್ಕೋಬೇಕು.

ಅದೂ ಯಾವ ಊರಲ್ಲಿ? ಈಜು ಕಲಿಸಿದ್ದಕ್ಕೇ ನಿಹಾರ್ ಅಮೀನ್ 2015ರಲ್ಲಿ, ಎಸ್. ಪ್ರದೀಪ್ ಕುಮಾರ್ 2016ರಲ್ಲಿ ದ್ರೋಣಾಚಾರ್ಯ ಪ್ರಶಸ್ತಿ ಪಡೆದ ಬೆಂಗಳೂರಲ್ಲಿ! ನಾನು ಯೂಟ್ಯೂಬ್ ನೋಡಿ ಈಜ್ತಿದ್ದೆ.

ಕೊನೆಗೆ ಹಲಸೂರು ಕೆರೆ ಪಕ್ಕದ ಕೆನ್ಸಿಂಗ್ಟನ್ ಈಜುಕೊಳಕ್ಕೆ ಹೋಗಿ, ಅರವತ್ತು ದಾಟಿದ ಕೋಚ್ ಒಬ್ಬರ ಹತ್ತಿರ ಸೇರಿದೆ. ನಾನು ಎರಡು ಸುತ್ತು ಈಜಿದ್ದನ್ನ ಸುಮ್ಮನೆ ನೋಡಿ, “ಏನಪ್ಪಾ, ತಲೆ ಎತ್ಕೊಂಡು ಯಾರನ್ನ ಹುಡುಕ್ತಿದ್ದೀಯ?” ಅಂದ್ರು. ತಲೆ ಮೇಲೆದ್ದಷ್ಟೂ ಸೊಂಟ, ಕಾಲು ಕೆಳಗಿಳಿಯುತ್ತೆ. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ. ಹಾಗೆ ಓರೆಯಾಗಿ ಈಜೋದು ಅಂದ್ರೆ ಬಾಗಿಲನ್ನ ಅಡ್ಡ ಹಿಡ್ಕೊಂಡು ಓಡಿದಂಗೆ. ನಾನು ಎರಡು ವರ್ಷ ಬಾಗಿಲು ಹೊತ್ಕೊಂಡೇ ಈಜಿದ್ದೆ.

ಮೂರು ತಿಂಗಳು, 24 ಕ್ಲಾಸು, 18 ಸಾವಿರ ರೂಪಾಯಿ. 100 ಮೀಟರ್‌ಗೆ 3 ನಿಮಿಷ 50 ಸೆಕೆಂಡ್ ತಗೋತಿದ್ದವನು ಈಗ 2:50ಕ್ಕೆ ಬಂದಿದ್ದೀನಿ. 1.9 ಕಿ.ಮೀ.ಗೆ ಲೆಕ್ಕ ಹಾಕಿ: 19 ನಿಮಿಷ ಉಳಿತಾಯ. ಯಾವ ಚಕ್ರ ಕೊಡುತ್ತೆ ಇದನ್ನ?

ಸಾಮಾನು ದಂಡ ಅಂತಲ್ಲ. ಒಳ್ಳೆ ಹೆಲ್ಮೆಟ್, ಕಾಲಿಗೆ ಸರಿಹೋಗೋ ಶೂ, ಪಂಕ್ಚರ್ ತಡೆಯೋ ಟೈರ್ ಬೇಕೇ ಬೇಕು. ಅದಾದ ಮೇಲೆ ಬೈಕ್ ಫಿಟ್ ಮಾಡಿಸಿ. ಸೈಕಲ್ ಮೇಲೆ ಗಾಳಿಗೆ ಅಡ್ಡ ನಿಲ್ಲೋದ್ರಲ್ಲಿ ದೊಡ್ಡ ಪಾಲು ಸವಾರನ ಮೈಯದ್ದೇ. ಸೀಟು, ಹ್ಯಾಂಡಲ್ ಸರಿಹೋಗಿ ಬೆನ್ನು ಬಾಗಿಸಿ ಕೂರೋಕೆ ಬಂದ್ರೆ ಹಳೇ ಚಕ್ರವೂ ಓಡುತ್ತೆ. ನಾನಂತೂ ಈಗಲೂ ಭಾನುವಾರ ಬೆಳಗ್ಗೆ ಕೆ.ಆರ್. ಪುರದ ತೂಗು ಸೇತುವೆ ದಾಟಿ ಹೊಸಕೋಟೆ ಕಡೆ ಹೊರಡೋದು ಕಂಪನಿ ಕೊಟ್ಟ ಚಕ್ರದಲ್ಲೇ.

ಕೋಚ್ ಆರಿಸೋವಾಗಲೂ ಹುಷಾರು. ನಿಮ್ಮನ್ನ ಒಮ್ಮೆಯೂ ನೋಡದೆ, ಎಲ್ಲರಿಗೂ ಒಂದೇ ಪಿಡಿಎಫ್ ಕಳಿಸೋರಿಗೆ ದುಡ್ಡು ಕೊಟ್ರೆ ಅದೂ ಒಂದು ಚಕ್ರ ಕೊಂಡಂಗೇ. ಮೊದಲ ದಿನವೇ ನಿಮ್ಮ ಒಂದು ತಪ್ಪು ತೋರಿಸಿ, ಮುಂದಿನ ವಾರ ಅದು ಹೋಯ್ತಾ ಅಂತ ನೋಡೋರನ್ನ ಹುಡುಕಿ.

ಮುಂದಿನ ತಿಂಗಳು ಮತ್ತೆ ಗೋವಾ. ಕೊಳ ಬೇರೆ, ಸಮುದ್ರ ಬೇರೆ, ಅಲೆಯ ಭಯ ಇನ್ನೂ ಇದೆ. ಆದ್ರೆ ಈ ಸಲ ಹೆದರಿದಾಗ ತಲೆ ಎತ್ತಬಾರದು ಅನ್ನೋದಾದ್ರೂ ಗೊತ್ತು. ಉಳಿದ ಬೋನಸ್ ಬ್ಯಾಂಕಲ್ಲೇ ಇದೆ. ಅಮ್ಮ ಆಗಾಗ ವಿಚಾರಿಸ್ಕೋತಾರೆ.